ಕೌದಿಗೊಂದು ಮಿಷನ್ನು

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಮಾಗಿಯಲ್ಲಿ ಆ ಕಡೆಯಿಂದ ಗಾಳಿ ಬೀಸಿತೆಂದರೆ ಗುಂಡ್ಲುಪೇಟೆಯ ಮನೆಗಳಲ್ಲಿ ಹಳೇ ಸೀರೆಗಳಿಗೆ ಕೌದಿಯಾಗಿ ಪುನರ್ಜನ್ಮ. ಕೈಹೊಲಿಗೆಯಾದರೆ ಕೌದಿ ಮುಗಿಯುವಷ್ಟರಲ್ಲಿ ಚಳಿಯೇ ಮುಗಿದಿರುತ್ತದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಕೂಡಿಟ್ಟ ಗೃಹಿಣಿ ಆ ಧೈರ್ಯದಲ್ಲೇ ಚಾಮರಾಜನಗರದ ಹೊಲಿಗೆ ಮಿಷನ್ನಿನ ಅಂಗಡಿ ಮೆಟ್ಟಿಲು ಹತ್ತುತ್ತಾಳೆ.

ಮೊದಲು ಎದುರಾಗುವುದು ಹೂ, ಬಳ್ಳಿ, ಬಾತುಕೋಳಿ ಹೊಲಿಯುವ ಬಿಳಿ ಮಿಷನ್ನು.

“ಅಕ್ಕ, ಇದ್ರಲ್ಲಿ ಇಪ್ಪತ್ತೊಂದು ತರದ ಹೊಲಿಗೆ!”

“ನಂಗೆ ಬೇಕಾಗಿರೋದು ಒಂದೇ ಕಣಪ್ಪ, ನೆಟ್ಟಗಿರೋದು.”

ಮಾತು ಸರಿ. ಕೌದಿಗೆ ನೇರ ಹೊಲಿಗೆ ಸಾಕು. ಪರೀಕ್ಷಿಸಬೇಕಾದ್ದು ಬೇರೆ: ಸೂಜಿಯ ಪಕ್ಕದ ಪಾದ ಎಷ್ಟು ಮೇಲೇಳುತ್ತದೆ, ತೋಳಿನಡಿ ಸುತ್ತಿದ ಕೌದಿ ತೂರುತ್ತದೆಯೇ, 16 ಅಥವಾ 18ನೇ ನಂಬರಿನ ದಪ್ಪ ಸೂಜಿ ಹಾಕಬಹುದೇ. ಮಿಷನ್ನಿನ ಹಲ್ಲುಗಳು ಅಡಿಯ ಪದರವನ್ನಷ್ಟೇ ಎಳೆಯುತ್ತವೆ; ಮೇಲಿನ ಸೀರೆ ಹಿಂದುಳಿದು ನೆರಿಗೆಗಟ್ಟುತ್ತದೆ. ‘ವಾಕಿಂಗ್ ಫುಟ್’ ಎಂಬ ಪಾದ ಸಿಕ್ಕಿಸಿದರೆ ಮೇಲಿನ ಸೀರೆಯೂ ಜೊತೆಗೇ ಹೆಜ್ಜೆ ಹಾಕುತ್ತದೆ.

ಆಕೆಯ ಕಣ್ಣು ಮೂಲೆಯ ಕಪ್ಪು ಕಾಲ್ತುಳಿ ಮಿಷನ್ನಿನ ಮೇಲೆ ನಿಂತಿತು. “ಕರೆಂಟು ಹೋದ್ರೂ ಓಡುತ್ತಲ್ಲ?” ಓಡುತ್ತದೆ. ಅದರ ಬೆಲೆ ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ಎಣ್ಣೆ ಬಾಟಲಿ ಪುಕ್ಕಟೆಯೋ ಅಲ್ಲವೋ ಎಂಬ ವ್ಯಾಜ್ಯ ಮಾತ್ರ ಊಟದ ಹೊತ್ತು ದಾಟಿತು.