ಕೂತು ದುಡಿದವನ ಕುಡಿಕೆ

'ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಕಣೋ' ಅಂತ ನಮ್ಮಪ್ಪ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಮಾತು ಮನಸ್ಸಿಗೆ ನಾಟಿತು. ಆದರೆ ಅವರು ಬೇಡ ಅಂದದ್ದು ಕೂರುವುದನ್ನೋ ಉಣ್ಣುವುದನ್ನೋ ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಕೇಳೋಣವೆಂದರೆ ಅಪ್ಪನ ಕೈಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು. ಹಾಗಾಗಿ ನನಗೆ ತೋಚಿದ ಮಧ್ಯದ ದಾರಿ ಹಿಡಿದೆ. ಕೂತೇ ದುಡಿಯುವ ಕೆಲಸಕ್ಕೆ ಸೇರಿದೆ.

ಸೌತ್ ಎಂಡ್ ಸರ್ಕಲ್ ಹತ್ತಿರ ತೆರಿಗೆ ಸಲಹೆಗಾರರೊಬ್ಬರ ಆಫೀಸು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತಿದ್ದೇನೆ. ಊರವರ ಲೆಕ್ಕ ಟ್ಯಾಲಿ ಮಾಡಿಕೊಡುವುದು ನನ್ನ ಕಸುಬು. ನನ್ನ ಮನೆಯ ಲೆಕ್ಕ ಟ್ಯಾಲಿ ಆದದ್ದನ್ನು ನಾನೂ ಕಂಡಿಲ್ಲ, ನನ್ನ ಹೆಂಡತಿಯೂ ಕಂಡಿಲ್ಲ. ನಾನು ಕೂರುವ ಕುರ್ಚಿಗೆ ವರ್ಷಕ್ಕೆ ಶೇ 10ರಷ್ಟು ಸವಕಳಿ ಬರೆಯುತ್ತೇವೆ. ಎದುರಿಗಿರುವ ಕಂಪ್ಯೂಟರಿಗೆ ಶೇ 40. ಇವೆರಡರ ನಡುವೆ ಸಿಕ್ಕಿಕೊಂಡಿರುವ ಪ್ರಾಣಿಗೆ ಎಷ್ಟು ಅಂತ ಆದಾಯ ತೆರಿಗೆ ನಿಯಮಗಳನ್ನೆಲ್ಲ ತಿರುವಿಹಾಕಿದೆ, ಸೊನ್ನೆ. ಹಾಗಂತ ಸವೆಯುವುದೇನು ನಿಂತಿಲ್ಲ. ಸೊಂಟ, ಕತ್ತು, ಕಣ್ಣು ಮೂರೂ ಸವೆದಿವೆ. ವರ್ಷದಿಂದ ವರ್ಷಕ್ಕೆ ಬೆಳೆದಿರುವ ಆಸ್ತಿ ಹೊಟ್ಟೆಯೊಂದೇ.

ನಮ್ಮ ಕೆಲಸದ ಒತ್ತಡವೇನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಿಮಗೆಲ್ಲ ತಿಂಗಳಿಗೊಂದೇ ಅಮಾವಾಸ್ಯೆ, ನಮಗೆ ನಾಲ್ಕು. ಏಳನೇ ತಾರೀಕು ಟಿಡಿಎಸ್ ಕಟ್ಟಬೇಕು, ಹನ್ನೊಂದಕ್ಕೆ ಜಿಎಸ್‌ಟಿಯ ಒಂದು ಫಾರಂ, ಹದಿನೈದಕ್ಕೆ ಪಿಎಫ್, ಇಪ್ಪತ್ತಕ್ಕೆ ಜಿಎಸ್‌ಟಿಯ ಇನ್ನೊಂದು ಫಾರಂ. ಸಾಲದ್ದಕ್ಕೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚಿನ ಹದಿನೈದಕ್ಕೆ ಮುಂಗಡ ತೆರಿಗೆ. ಅದು ಗ್ರಹಣ ಅನ್ನಿ. 'ಸಾರ್, ಇನ್ನು ಮೇಲೆ ಏಳು ಗಂಟೆಗೆ ಹೊರಡ್ತೀನಿ' ಅಂತ ಒಂದು ಸಲ ಧೈರ್ಯ ಮಾಡಿ ಹೇಳಿದೆ. ನಮ್ಮ ಸಾಹೇಬರು ಒಳ್ಳೆಯವರು, ಇಲ್ಲ ಅನ್ನಲಿಲ್ಲ. 'ಹದಿನೈದು ಕಳೀಲಿ' ಅಂದರು. ಯಾವ ಹದಿನೈದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಂಥ ಮನುಷ್ಯನಿಗೆ ಆರೋಗ್ಯದ ಯೋಚನೆ ಬಂದದ್ದಾದರೂ ಹೇಗೆ? ತೆರಿಗೆ ಉಳಿಸುವುದಕ್ಕೆ. ಆರೋಗ್ಯ ವಿಮೆಯ ಕಂತಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ ಅಡಿಯಲ್ಲಿ 25,000 ರೂಪಾಯಿವರೆಗೆ ವಿನಾಯಿತಿ ಇತ್ತು. ಅದರೊಳಗೇ ವೈದ್ಯಕೀಯ ತಪಾಸಣೆಗೆ 5,000 ತೋರಿಸಬಹುದಿತ್ತು. ಕಕ್ಷಿದಾರರಿಗೆಲ್ಲ ಮಾರ್ಚಿನಲ್ಲಿ ಇದನ್ನು ಹೇಳಿ ಹೇಳಿ, 2025ರ ಮಾರ್ಚ್ ಕೊನೆಯ ವಾರ ನಾನೂ ಹೋಗಿ ರಕ್ತ ಕೊಟ್ಟೆ. ಸಂಜೆಗೆ ಮೊಬೈಲಿಗೆ ವರದಿ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಆ ಎಚ್‌ಬಿಎ1ಸಿ ಅನ್ನುವುದು 6.1. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, '5.7ರಿಂದ 6.4ರ ತನಕ ಗಡಿ. 6.5 ಆದ್ರೆ ಸಕ್ಕರೆ ಕಾಯಿಲೆ. ನೀವು ಗಡೀಲಿದ್ದೀರಿ' ಅಂದರು. ಗಡಿ ಅಂದ ಕೂಡಲೇ ಕನ್ನಡಿಗನ ರಕ್ತ ಕುದಿಯಬೇಕಲ್ಲವೇ? ಒಂದಿಂಚೂ ಬಿಟ್ಟುಕೊಡಬಾರದು ಅಂತ ಅಲ್ಲೇ ತೀರ್ಮಾನಿಸಿದೆ.

ಯುದ್ಧಕ್ಕೆ ಖರ್ಚಿಲ್ಲದೆ ಆಗುತ್ತದೆಯೇ? ಒಂದು ಜೊತೆ ಶೂ, ಹೆಜ್ಜೆ ಎಣಿಸುವ ಕೈಗಡಿಯಾರ, ಗಾಣದ ಎಣ್ಣೆ, ನವಣೆ, ಸಾಮೆ, ಊದಲು. ಅಜ್ಜಿ ಬಡತನಕ್ಕೆ ಉಣ್ಣುತ್ತಿದ್ದ ನವಣೆಯನ್ನು ನಾನು ಸೋನಾ ಮಸೂರಿಗಿಂತ ಹೆಚ್ಚು ಬೆಲೆ ಕೊಟ್ಟು ತಂದೆ. ಜೊತೆಗೆ ಜಿಮ್ಮಿಗೆ ವರ್ಷದ ಚಂದಾ 12,000. ಹೋದದ್ದು ಹನ್ನೊಂದು ದಿನ. ಭಾಗಾಕಾರ ನನಗೆ ಕಸುಬು, ಬೇಡವೆಂದರೂ ಮಾಡಿಬಿಡುತ್ತೇನೆ: ಹಾಜರಿಗೆ 1,090 ರೂಪಾಯಿ ಚಿಲ್ಲರೆ. ಆ ದುಡ್ಡಿಗೆ ಯಾರಾದರೂ ಕಟ್ಟುಮಸ್ತಾದ ಹುಡುಗನನ್ನು ಕೂಲಿಗೆ ಹಿಡಿದು ನನ್ನ ಪರವಾಗಿ ಕಬ್ಬಿಣ ಎತ್ತಿಸಬಹುದಿತ್ತು.

ನಮ್ಮ ಮನೆಯ ಲೆಕ್ಕಾಧಿಕಾರಿ ನನ್ನ ಹೆಂಡತಿ. ಮಗಳ ಹಳೆಯ ಲಾಂಗ್ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು ಹಾಲು, ದಿನಸಿ, ಗ್ಯಾಸು, ಕರೆಂಟು, ಫೀಸು, ಮನೆಸಾಲದ ಕಂತು ಅಂತ ಬರೆಯುತ್ತಾಳೆ. ಕೊನೆಯಲ್ಲಿ 'ಇತರೆ'. ಎಲ್ಲರ ಮನೆಯಲ್ಲೂ ಹೀಗೇ ಇರಬೇಕು, ಎಲ್ಲಕ್ಕಿಂತ ದಪ್ಪ ಅಂಕಿ ಅದರ ಕೆಳಗೇ ಬೀಳುವುದು. ತಾಳೆಯಾಗದ ಮೊತ್ತವನ್ನು ನಾವು ಆಫೀಸಿನಲ್ಲಿ ಸಸ್ಪೆನ್ಸ್ ಖಾತೆಗೆ ತಳ್ಳುತ್ತೇವಲ್ಲ, ಇದೂ ಅದೇ. ಮನೆಯಲ್ಲಿ ಸಸ್ಪೆನ್ಸ್ ಹೆಚ್ಚು ದಿನ ಉಳಿಯುವುದಿಲ್ಲ ಅನ್ನುವುದೊಂದು ವ್ಯತ್ಯಾಸ.

ಏಪ್ರಿಲಿನಲ್ಲಿ ಆ ಪುಸ್ತಕಕ್ಕೆ ಒಂದು ಹೊಸ ಕಾಲಂ ಬಂತು: 'ಇವರ ಆರೋಗ್ಯ'. ಅದೇ ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತ್ತು. ನಾನು ಪೇಪರ್ ಮಡಚಿ, 'ನೋಡು, ಹೀಗಾದರೆ ಮಧ್ಯಮ ವರ್ಗದವರು ಬದುಕೋದು ಹೇಗೆ' ಅಂತ ರಾಗ ತೆಗೆದೆ. ಅವಳು ಪೆನ್ನು ಎತ್ತಿಕೊಂಡಳು. 'ನಮಗೆ ದಿನಕ್ಕೆ ಒಂದೂವರೆ ಲೀಟರ್. ಹೆಚ್ಚಾಗಿದ್ದು ಆರು ರೂಪಾಯಿ. ತಿಂಗಳಿಗೆ 180. ನಿಮ್ಮ ಶೂಗೆ 4,500. ಅಂದ್ರೆ ಇಪ್ಪತ್ತೈದು ತಿಂಗಳ ಹಾಲಿನ ಏರಿಕೆ ನಿಮ್ಮ ಕಾಲಿಗೆ ಹೋಯ್ತು. ಹಾಲಿಗೆ ಯಾಕೆ ಬೈತೀರಿ?' ನಮ್ಮ ಸಾಹೇಬರಿಗೆ ಇವಳ ವಿಷಯ ಹೇಳಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ.

ಇನ್ನು ಆ ಕೈಗಡಿಯಾರದ ಕತೆ. ಅದಕ್ಕೆ ದಿನಾ ಹತ್ತು ಸಾವಿರ ಹೆಜ್ಜೆ ಬೇಕು. ಎಂಟೂಮುಕ್ಕಾಲಿಗೆ ಆಫೀಸು ಬಿಟ್ಟು ಬಂದವನು ಎಲ್ಲಿಂದ ತರಲಿ? ರಾತ್ರಿ ಹನ್ನೊಂದಕ್ಕೆ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡಿದೆ. ಕೆಳಗಿನ ಮನೆಯವರು ಮಾರನೆಯ ದಿನ 'ರಾತ್ರಿ ಯಾರಿಗಾದ್ರೂ ಹುಷಾರಿರಲಿಲ್ವಾ?' ಅಂತ ವಿಚಾರಿಸಿದರು. ಆಮೇಲೆ, ಕೂತಲ್ಲೇ ಕೈ ಬೀಸಿದರೂ ಅದು ಹೆಜ್ಜೆ ಅಂದುಕೊಳ್ಳುತ್ತದೆ ಅನ್ನುವುದು ತಿಳಿಯಿತು. ಟಿವಿ ನೋಡುತ್ತ ಬಲಗೈಯಲ್ಲಿ ಗಾಳಿ ಹಾಕಿಕೊಂಡು ಎರಡು ಸಾವಿರ ಹೆಜ್ಜೆ ನಡೆದ ದಿನಗಳುಂಟು. ಲೆಕ್ಕದವನಾಗಿ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಮಗಳು ಹುಡುಕಿ ತೆಗೆದಳು. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ತಂತಂತೆ. ಅದರ ಹೆಸರು 'ಮಾನ್‌ಪೊ-ಕೆಯ್', ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ. ನಾನು ಡಾಕ್ಟರರ ಅಪ್ಪಣೆ ಅಂದುಕೊಂಡು ರಾತ್ರಿಯೆಲ್ಲ ಪಾಲಿಸಿದ್ದು ಅಂಗಡಿಯವನು ಇಟ್ಟ ಹೆಸರನ್ನು! ಮಗಳು ಅಲ್ಲಿಗೇ ಬಿಡಲಿಲ್ಲ. ಮನೆಖರ್ಚು ಬರೆದಿಡುವುದಕ್ಕೂ ಜಪಾನಿನಲ್ಲಿ 'ಕಾಕೆಬೊ' ಅನ್ನುವ ಪದ್ಧತಿ ಇದೆ, 1904ರಲ್ಲಿ ಹಾನಿ ಮೊತೊಕೊ ಅನ್ನುವ ಪತ್ರಕರ್ತೆ ಶುರುಮಾಡಿದ್ದು, ಅಮ್ಮನೂ ಅದನ್ನೇ ಮಾಡಲಿ ಅಂದಳು. ಅಮ್ಮ ತಲೆ ಎತ್ತದೆ, 'ನಮ್ಮಮ್ಮ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕದಲ್ಲೇ ಹಾಲು, ಮೊಸರು, ಚೀಟಿ ದುಡ್ಡು, ಗ್ಯಾಸು ಬಂದ ದಿನ ಎಲ್ಲ ಬರೀತಿದ್ಲು. ಅದಕ್ಕೆ ಹೆಸರಿಟ್ಟು ಮಾರೋಕೆ ಅವಳಿಗೆ ಬರಲಿಲ್ಲ' ಅಂದಳು.

ಒಂದು ಭಾನುವಾರ ತಮಾಷೆಗೆ ಗಡಿಯಾರವನ್ನು ಅವಳ ಕೈಗೆ ಕಟ್ಟಿದೆ. ರಾತ್ರಿ ದೀಪ ಆರಿಸುವ ಹೊತ್ತಿಗೆ 13,600 ಹೆಜ್ಜೆ. ಗಡಿಯಾರ ಗುಂಯ್‌ಗುಟ್ಟಿ ಅಭಿನಂದನೆ ಹೇಳಿತು. ಅವಳು ಅದನ್ನು ಬಿಚ್ಚಿ ಫ್ರಿಜ್ಜಿನ ಮೇಲಿಟ್ಟು, 'ಇದನ್ನು ಹೇಳಿಸಿಕೊಳ್ಳೋಕೆ ದುಡ್ಡು ಕೊಟ್ರಾ?' ಅಂತ ಕೇಳಿ ಮಲಗಿದಳು.

ಸರಿ, ಖರ್ಚಿಲ್ಲದ ಆರೋಗ್ಯ ಹುಡುಕೋಣ ಅಂತ ಹೊರಟೆ. ಆ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ 60 ಇದ್ದದ್ದು 90 ಆಗಿತ್ತು. ನಾನು ಕೋಣನಕುಂಟೆ ಕ್ರಾಸಿನಲ್ಲಿ ಹತ್ತುವವನು. ಎರಡು ನಿಲ್ದಾಣ ಮೊದಲೇ, ಆರ್.ವಿ. ರೋಡಿನಲ್ಲಿ ಇಳಿದು ನಡೆದರೆ ಹತ್ತು ರೂಪಾಯಿಯೂ ಉಳಿಯಿತು, ಸಕ್ಕರೆಯೂ ಇಳಿಯಿತು. ಯೋಜನೆಯಲ್ಲಿ ತಪ್ಪೇ ಇರಲಿಲ್ಲ. ಆದರೆ ದಾರಿ ಜಯನಗರದ್ದು. ಅಲ್ಲಿ ನಡೆಯುವವನ ಕಾಲು ಒಂದು ಕಡೆ ಎಳೆದರೆ ಮೂಗು ಇನ್ನೊಂದು ಕಡೆ ಎಳೆಯುತ್ತದೆ. ದರ್ಶಿನಿಯ ತುಪ್ಪದ ವಾಸನೆಗೆ ಮರುಳಾಗದೆ ಮುಂದೆ ಹೋದವನು ಸನ್ಯಾಸಿ, ಇಲ್ಲವೇ ಅವನಿಗೆ ನೆಗಡಿ. ಒಂದು ಚೌಚೌ ಬಾತ್, ಒಂದೇ ಒಂದು ವಡೆ, ಅರ್ಧ ಕಾಫಿ. ಹತ್ತು ಉಳಿಸಲು ಹೋಗಿ ನೂರರ ನೋಟು ಮುರಿಯಿತು. ಅಂತಃಸಾಕ್ಷಿ ಚುಚ್ಚಲಿಲ್ಲವೇ ಅಂದರೆ, ಚುಚ್ಚಿತು. ಆಗ ಅಪ್ಪ ಕೈ ಹಿಡಿದರು. ಅವರು ಹೇಳಿದ್ದು ಕೂತು ಉಣ್ಣಬೇಡ ಅಂತ. ದರ್ಶಿನಿಯಲ್ಲಿ ಕುರ್ಚಿಯೇ ಇಲ್ಲ, ಎಲ್ಲರೂ ನಿಂತೇ ತಿನ್ನುವುದು.

ಭಾನುವಾರದ ಲಾಲ್‌ಬಾಗ್ ಪ್ರಯೋಗವೂ ಆಯಿತು. ಗೇಟಿನ ಹತ್ತಿರ ಹಾಗಲಕಾಯಿ ರಸ ಕುಡಿದು, ಒಳಗೆ ಒಂದು ಸುತ್ತು ಹಾಕಿ, ಬಾಯಿ ಕಹಿ ಹೋಗಲಿ ಅಂತ ಹೊರಗೆ ಬಂದು ಕಾಫಿ ಕುಡಿಯುವ ನಮ್ಮಂಥವರ ಒಂದು ದಂಡೇ ಅಲ್ಲಿದೆ. ಸುಸ್ತಾಗಿ ಬಂಡೆಯ ಮೇಲೆ ಕೂತೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಅಷ್ಟು ಕಾಲದಿಂದ ಕೂತೇ ಇದೆ. ಅದಕ್ಕೆ ಸಕ್ಕರೆಯೂ ಇಲ್ಲ, ಸೊಂಟನೋವೂ ಇಲ್ಲ. ಕೂರುವುದರಿಂದಲೇ ಕಾಯಿಲೆ ಬರುತ್ತದೆ ಅನ್ನುವವರಿಗೆ ಇದನ್ನು ತೋರಿಸಬೇಕು ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಬಂಡೆ ಏನನ್ನೂ ತಿನ್ನುವುದಿಲ್ಲ, ಅದನ್ನೂ ಒಪ್ಪಬೇಕು.

ಅಷ್ಟರಲ್ಲಿ ರಿಟರ್ನ್ ಕಾಲ ಬಂತು. ಜುಲೈ 31ರ ಗಡುವನ್ನು ಸರ್ಕಾರ ಆ ವರ್ಷ ಮೇ ತಿಂಗಳಲ್ಲೇ ಸೆಪ್ಟೆಂಬರ್ 15ಕ್ಕೆ ಮುಂದೂಡಿತ್ತು. ಜನ ಇದನ್ನು ರಿಟರ್ನನ್ನೇ ರದ್ದು ಮಾಡಿದ್ದಾರೆ ಅಂತ ಅರ್ಥ ಮಾಡಿಕೊಂಡರು. ಆಗಸ್ಟಿನವರೆಗೆ ಆಫೀಸಿನಲ್ಲಿ ಒಂದು ನೊಣವೂ ಇರಲಿಲ್ಲ. ಗಣೇಶನ ಹಬ್ಬ ಮುಗಿದು ಕಡುಬು ಜೀರ್ಣವಾಗುವ ಮೊದಲೇ ಎಲ್ಲರಿಗೂ ಒಟ್ಟಿಗೆ ಜ್ಞಾನೋದಯವಾಯಿತು. ಹದಿನೈದು ದಿನ ನಾನು ಮನೆಗೆ ಹೋದದ್ದು ಸ್ನಾನಕ್ಕೆ. ನವಣೆ ಡಬ್ಬಿ ಮುಚ್ಚಿಯೇ ಇತ್ತು, ಪಫ್ಸು ಪಕ್ಕದ ಬೇಕರಿಯಿಂದ ತಾನಾಗಿ ನಡೆದು ಬರುತ್ತಿತ್ತು. ಸೆಪ್ಟೆಂಬರ್ 15ರ ನಡುರಾತ್ರಿಯ ಹೊತ್ತಿಗೆ ಇನ್ನೊಂದು ದಿನ ವಿಸ್ತರಣೆ ಅಂತ ಪ್ರಕಟಣೆ ಬಂತು. ಕಕ್ಷಿದಾರರು ಕುಣಿದರು. ನಾನು ಇನ್ನೊಂದು ಪಫ್ಸು ಬಿಚ್ಚಿದೆ.

ಹದಿನಾರನೇ ತಾರೀಕು ಎಲ್ಲರದ್ದೂ ಮುಗಿದ ಮೇಲೆ ನನ್ನ ರಿಟರ್ನ್ ತೆರೆದೆ. ಲೆಕ್ಕ ಹಾಕಿದರೆ ಹಳೆಯದಕ್ಕಿಂತ ಹೊಸ ತೆರಿಗೆ ಪದ್ಧತಿಯೇ ನನಗೆ ಲಾಭ. ಹೊಸ ಪದ್ಧತಿಯಲ್ಲಿ 80ಡಿ ವಿನಾಯಿತಿ ಇಲ್ಲವೇ ಇಲ್ಲ. ಅಂದರೆ ಯಾವ 5,000ಕ್ಕೋಸ್ಕರ ರಕ್ತ ಕೊಟ್ಟೆನೋ, ಯಾವ ರಕ್ತದಿಂದ ಶೂ, ಗಡಿಯಾರ, ಜಿಮ್ಮು ಎಲ್ಲ ಹುಟ್ಟಿತೋ, ಅದರಿಂದ ಒಂದು ಪೈಸೆ ತೆರಿಗೆಯೂ ಉಳಿಯಲಿಲ್ಲ. ಊರಿಗೆಲ್ಲ ಇದನ್ನು ಹೇಳುವವನು ನಾನೇ.

ಬ್ಯಾಂಕಿನಿಂದ ನಗದು ತೆಗೆದು ಪೆಟ್ಟಿಗೆಗೆ ಹಾಕಿದರೆ ನಮ್ಮ ಭಾಷೆಯಲ್ಲಿ ಕಾಂಟ್ರಾ ಎಂಟ್ರಿ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಅಷ್ಟೆ, ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಆ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ನೋಡಿದರೆ, ವರ್ಷಪೂರ್ತಿ ನಾನು ಬರೆದದ್ದೆಲ್ಲ ಅದೇ. ನಿದ್ದೆ ಕೊಟ್ಟು ಓವರ್‌ಟೈಮು, ಓವರ್‌ಟೈಮು ಕೊಟ್ಟು ಶೂ, ಶೂ ಹಾಕಿಕೊಳ್ಳಲು ಹೊತ್ತಿಲ್ಲದ್ದಕ್ಕೆ ಜಿಮ್ಮು, ಜಿಮ್ಮಿನ ಚಂದಾ ತುಂಬಲು ಮತ್ತೆ ಓವರ್‌ಟೈಮು. ಇಷ್ಟು ಕೈ ಬದಲಾದ ಮೇಲೆ ಕಾಂಟ್ರಾ ಎಂಟ್ರಿಯೂ ಸೋರುತ್ತದೆ ಅನ್ನುವುದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಸೋರಿದ್ದಷ್ಟೂ ನಿದ್ದೆಯ ಖಾತೆಯಿಂದ.

ಅಕ್ಟೋಬರಿನಲ್ಲಿ ಆರೋಗ್ಯ ವಿಮೆ ನವೀಕರಣಕ್ಕೆ ಬಂತು. ಸೆಪ್ಟೆಂಬರ್ 22ರಿಂದ ಅದರ ಮೇಲಿನ ಶೇ 18ರ ಜಿಎಸ್‌ಟಿ ತೆಗೆದಿದ್ದರು. ಹಿಂದಿನ ವರ್ಷ 24,000 ಕಂತಿಗೆ 4,320 ತೆರಿಗೆ ಕಟ್ಟಿದ್ದೆವು. ಅಷ್ಟು ಉಳಿಯಿತು. ನನ್ನ ತಲೆ ಆಗಲೇ ಮಡಚಿಡುವ ಸೈಕಲ್ಲಿನ ಕಡೆ ಓಡಿತ್ತು. ಅವಳು ಪುಸ್ತಕ ಮುಚ್ಚಿ, 'ಈ ದುಡ್ಡಲ್ಲಿ ನಾನು ಒಂದು ಸಲ ರಕ್ತ ತೋರಿಸ್ಕೋತೀನಿ' ಅಂದಳು. ಅಲ್ಲಿಯವರೆಗೆ ಈ ಮನೆಯಲ್ಲಿ ಅವಳ ರಕ್ತಕ್ಕೂ ವರದಿ ಇರಬಹುದು ಅಂತ ನನಗೆ ಹೊಳೆದಿರಲಿಲ್ಲ. ಸಕ್ಕರೆ 5.2, ಏನೂ ತೊಂದರೆಯಿಲ್ಲ. ಕಬ್ಬಿಣದ ಅಂಶ ಮಾತ್ರ ತೀರಾ ಕಡಿಮೆ. ಪುಸ್ತಕದಲ್ಲಿ ಈಗ ಇನ್ನೊಂದು ಕಾಲಂ ಇದೆ, 'ನನ್ನ ಆರೋಗ್ಯ'. ಅದರ ಕೆಳಗೆ ಮಾತ್ರೆ, ಖರ್ಜೂರ, ನುಗ್ಗೆಸೊಪ್ಪು. ಸೊಪ್ಪು ಎದುರುಮನೆಯವರದು, ಮೊತ್ತ ಸೊನ್ನೆ.

ಈಗ ನಾನು ಏಳೂವರೆಗೆ ಆಫೀಸು ಬಿಡುತ್ತಿದ್ದೇನೆ. ಸಾಹೇಬರು ಏನೂ ಅನ್ನಲಿಲ್ಲ, ಗೋಡೆಯ ಗಡಿಯಾರವನ್ನು ಮಾತ್ರ ನೋಡುತ್ತಾರೆ. ಎಂಟೂಕಾಲಿಗೆ ಊಟ, ಹತ್ತೂವರೆಗೆ ನಿದ್ದೆ. ಇದಕ್ಕೆ ಚಂದಾ ಇಲ್ಲ. ಆದರೆ ಇದೆಲ್ಲ ಎಷ್ಟು ದಿನ ನಡೆಯುತ್ತದೆ ಅನ್ನುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಫಾರಂ 16 ಜೂನ್ ಮಧ್ಯದೊಳಗೆ ನಿಮ್ಮ ಕೈಗೆ ಬರುತ್ತದೆ. ಬಂದ ವಾರವೇ ತಂದುಕೊಡಿ. ಬ್ಯಾಂಕಿನ ಬಡ್ಡಿಯ ಚೀಟಿ ಮರೆಯಬೇಡಿ. ಕೊನೆಯ ದಿನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ 'ಸಾರ್, ಬಿಜಿ ಇದ್ದೀರಾ?' ಅಂತ ಮಾತ್ರ ಕೇಳಬೇಡಿ. ಪಫ್ಸು ತಿನ್ನುತ್ತಿರುತ್ತೇನೆ.