ಸಮುದ್ರಮಟ್ಟಕ್ಕಿಂತ ಕೆಳಗೊಂದು ಹಿಟ್ಟಿನಂಗಡಿ

ನನ್ನ ಮೊದಲ ಉಪಕಸುಬು ಚನ್ನಪಟ್ಟಣದ ಬೊಂಬೆ. ಏಪ್ರಿಲ್ 27, ರಾಜನ ಹುಟ್ಟುಹಬ್ಬದ ದಿನ, ನೆದರ್‌ಲ್ಯಾಂಡ್ಸಿನಲ್ಲಿ ಯಾರು ಬೇಕಾದರೂ ಬೀದಿಯಲ್ಲಿ ಚಾಪೆ ಹಾಸಿ ಹಳೇ ಸಾಮಾನು ಮಾರಬಹುದು. ಸೂಟ್‌ಕೇಸಿನಲ್ಲಿ ತಂದ ನಲವತ್ತು ಬೊಂಬೆ ಹರಡಿಕೊಂಡು ನಾನೂ ಕೂತೆ. ಪಕ್ಕದ ಚಾಪೆಯ ಏಳು ವರ್ಷದ ಹುಡುಗಿ ತನ್ನ ಬಾಲ ಮುರಿದ ಡೈನೋಸಾರ್ ಮಾರಿ, ಆ ದುಡ್ಡಿನಲ್ಲಿ ನನ್ನ ಬುಗುರಿಯನ್ನು ಅರ್ಧ ಬೆಲೆಗೆ ಇಳಿಸಿ ಕೊಂಡಳು. ಆಮೇಲೆ ಆಲಿಕಲ್ಲು ಬಿತ್ತು. ಒಟ್ಟು ನಾಲ್ಕು ಮಾರಾಟ. ಅದರಲ್ಲಿ ಎರಡನ್ನು ಕೊಂಡವಳು ನನ್ನ ಹೆಂಡತಿ, ಮಾನ ಉಳಿಸಲು.

ಎರಡನೆಯದು ಚಟ್ನಿಪುಡಿ. ನಾವಿರುವ ಬಡಾವಣೆಯ ಹೆಸರು ಕ್ರೌಡನ್‌ವೈಕ್, ಅಂದರೆ ಮಸಾಲೆಸೊಪ್ಪುಗಳ ಕೇರಿ, ಶಕುನ ಚೆನ್ನಾಗಿತ್ತು. ಆದರೆ ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದಿದ್ದರೂ ತಿಳಿಸಬೇಕು. ನನ್ನ ಪುಡಿಯಲ್ಲಿ ಕಡಲೆಕಾಯಿ, ಎಳ್ಳು, ಸಾಸಿವೆ ಮೂರೂ ಇದ್ದವು. ಡಬ್ಬಿ ಇಂಗಿನೊಳಗೆ ಗೋಧಿಹಿಟ್ಟು ಬೇರೆ ಅವಿತುಕೊಂಡಿತ್ತು. ಎಚ್ಚರಿಕೆಯೆಲ್ಲ ಬರೆದ ಮೇಲೆ ‘ಚಟ್ನಿಪುಡಿ’ ಎಂದು ಬರೆಯಲು ಚೀಟಿಯಲ್ಲಿ ಜಾಗವೇ ಉಳಿಯಲಿಲ್ಲ.

ಮೂರನೆಯದು ಇಡ್ಲಿ ಹಿಟ್ಟು. ಈ ಸಲ ಶಾಸ್ತ್ರೋಕ್ತವಾಗಿ ಕೆವಿಕೆ ಎಂಬ ವ್ಯಾಪಾರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿದೆ. ವರ್ಷಕ್ಕೆ 1,225 ಗಂಟೆ ದುಡಿದು ತೋರಿಸಿದರೆ ಸ್ವಂತ ಉದ್ಯೋಗಿಗೆ ತೆರಿಗೆ ರಿಯಾಯಿತಿ ಉಂಟಂತೆ ಎಂದು ಹೆಂಡತಿಗೆ ಹೇಳಿದೆ. “ಹಿಟ್ಟು ಉಬ್ಬಿತಾ ಅಂತ ಗಳಿಗೆಗೊಂದ್ಸಲ ಮುಚ್ಚಳ ತೆಗೆದು ನೋಡೋದೂ ಲೆಕ್ಕಕ್ಕೆ ಬರತ್ತೇನ್ರೀ?” ಎಂದಳು. ವಹಿವಾಟು 20,000 ಯೂರೋ ದಾಟದಿದ್ದರೆ ಮಾರಾಟ ತೆರಿಗೆಯ ವಿನಾಯಿತಿ ಕೇಳಬಹುದು. ನಾವಿರುವ ಊರು ಆಲ್ಮೆರೆ ಸಮುದ್ರಮಟ್ಟಕ್ಕಿಂತ ಕೆಲವು ಮೀಟರ್ ಕೆಳಗಿದೆ. ನನ್ನ ವಹಿವಾಟು ಆ ಗೆರೆಗಿಂತ ಇನ್ನೂ ಆಳದಲ್ಲಿತ್ತು.

ಕಷ್ಟವೆಲ್ಲ ಚಳಿಯದು. ಜನವರಿಯಲ್ಲಿ ಎರಡು ದಿನ ಇಟ್ಟರೂ ಹಿಟ್ಟು ಸನ್ಯಾಸಿಯ ಹಾಗೆ ನಿರ್ವಿಕಾರ. ಆಗ ಹೊಳೆದದ್ದು ಮುಂಬಾಗಿಲ ಪಕ್ಕದ ಮೀಟರ್ ಗೂಡು. ನಮ್ಮ ಮನೆಗೆ ಬಿಸಿನೀರು ಊರಿಗೆಲ್ಲ ಹಾಸಿದ ಕೊಳವೆಯಲ್ಲಿ ಹರಿದು ಬರುತ್ತದೆ. ಆ ಕೊಳವೆ ಹಾದುಹೋಗುವ ಗೂಡು ಬಾಣಂತಿ ಕೋಣೆಯಷ್ಟು ಬೆಚ್ಚಗೆ.

ಇಲ್ಲೊಂದು ಮಾತು. 1968ರವರೆಗೆ ನಮ್ಮ ಮನೆಯ ಜಾಗ ನೀರಿನಡಿ ಇತ್ತು. ಡಚ್ಚರು ಒಡ್ಡು ಕಟ್ಟಿ, ನೀರೆತ್ತಿ, ನೆಲ ಮಾಡಿ, 1976ರಲ್ಲಿ ಮೊದಲ ಸಂಸಾರಗಳನ್ನು ತಂದಿಳಿಸಿದರು. ಬ್ಲಾಕ್ ಫಾನ್ ಕುಫೆಲರ್ ಎಂಬ ಪಂಪ್‌ಮನೆ ಇವತ್ತಿಗೂ ನೀರು ಎತ್ತುತ್ತಲೇ ಇದೆ. ಅಂಥ ಊರಿನಲ್ಲಿ, ಹನ್ನೆರಡು ಲೀಟರಿನ ಪಾತ್ರೆಗೆ ಹತ್ತು ಲೀಟರ್ ಹಿಟ್ಟು ಸುರಿದು, ಬಾಗಿಲು ಮುಚ್ಚಿ, ನೆಮ್ಮದಿಯಾಗಿ ಮಲಗಿದವನು ನಾನು.

ಬೆಳಗ್ಗೆ ಎಂಟಕ್ಕೆ ಕರೆಗಂಟೆ. ಮೀಟರ್ ಬದಲಿಸುವವನು. ಬರುತ್ತೇನೆಂದು ಮೂರು ವಾರದ ಹಿಂದೆಯೇ ಪತ್ರ ಹಾಕಿದ್ದನಂತೆ. ಡಚ್ ಪತ್ರಗಳನ್ನು ನಾನು ಭಾನುವಾರ ಓದುವುದು. ಅವನು ಗೂಡಿನ ಬಾಗಿಲು ತೆಗೆದ. ಹಿಟ್ಟು ರಾತ್ರಿಯೇ ಮುಚ್ಚಳವನ್ನು ಎತ್ತಿ ಪಕ್ಕಕ್ಕಿಟ್ಟು, ಪಾತ್ರೆಯಿಂದಿಳಿದು, ಮೋಡೆಮ್ಮಿಗೆ ಬಿಳಿ ಗಡ್ಡ ಬಿಡಿಸಿ, ಅವನ ಬೂಟಿನ ಕಡೆಗೆ ಸಾವಧಾನವಾಗಿ ಹೊರಟಿತ್ತು. ಮೋಡೆಮ್ಮಿನ ಹಸಿರು ದೀಪ ಹಿಟ್ಟಿನೊಳಗಿಂದ ಮಿಣಮಿಣ ಎನ್ನುತ್ತಿತ್ತು, ಗರ್ಭಗುಡಿಯ ನಂದಾದೀಪದಂತೆ.

“ಗಾರೆಯೇ?” ಎಂದ.

ನನ್ನ ಸಂಜೆ ತರಗತಿಯ ಡಚ್ ಸಮಯಕ್ಕೆ ಒದಗಿತು. ದೋಸೆ, ಇಡ್ಲಿ ಥರದ ಹಿಟ್ಟಿಗೆ ಅವರಲ್ಲಿ ‘ಬೆಸ್ಲಾಖ್’ ಎನ್ನುತ್ತಾರೆ. ಹೆಮ್ಮೆಯಿಂದ “ಇಲ್ಲ, ಬೆಸ್ಲಾಖ್” ಎಂದೆ. ಅವನು ಒಂದು ಹೆಜ್ಜೆ ಹಿಂದಿಟ್ಟ. ‘ಜಪ್ತಿ’ಗೂ ಅವರಲ್ಲಿ ಅದೇ ಪದವೆಂದು ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

“ಯಾರು ಮಾಡಿದ್ದು?”

“ನಾನೇ. ನಿನ್ನೆ ರಾತ್ರಿ.”

“ಸಾಲವೇ?”

“ಅಲ್ಲ, ಅಕ್ಕಿ.”

ಅವನು ಕನಿಕರದಿಂದ ನನ್ನನ್ನೂ ಮೀಟರನ್ನೂ ನೋಡಿದ. “ಎಷ್ಟು?”

“ಹತ್ತು ಲೀಟರ್. ಬೇಕಾದರೆ ಮುಂದಿನ ವಾರವೂ ಮಾಡ್ತೇನೆ.”

ಈ ಮಾತುಕತೆ ಇನ್ನೂ ಎಲ್ಲಿಗೆ ಹೋಗುತ್ತಿತ್ತೋ, ಅಷ್ಟರಲ್ಲಿ ಹೆಂಡತಿ ಒಳಗಿಂದ ಹಬೆಯಾಡುವ ಇಡ್ಲಿ ತಟ್ಟೆಯನ್ನೇ ತಂದು ಅವನ ಮೂಗಿನ ಕೆಳಗೆ ಹಿಡಿದಳು. ನಿಂತಲ್ಲೇ ನಾಲ್ಕು ತಿಂದ. ಹೋಗುವಾಗ, ನಾನು ಬೇಡಬೇಡ ಎಂದರೂ, ಮೋಡೆಮ್ಮಿನ ಒಣಗಿದ ಪಕ್ಕದಲ್ಲಿ ಐದು ಯೂರೋ ಇಟ್ಟ.

ನಮ್ಮವರಿದ್ದಾರೆ. ವಾಟ್ಸಾಪಿನಲ್ಲಿ ಎರಡು ಲೀಟರ್ ತರಿಸಿಕೊಂಡು, “ನಮ್ಮವರೇ ಅಲ್ವಾ, ಬೆಲೆ ನೋಡಿ ಹಾಕಿ” ಎನ್ನುತ್ತಾರೆ. ನೋಡಿ ಹಾಕಿದರೆ ಎರಡು ಕೈ ಮುಗಿದ ಚಿತ್ರ ಬರುತ್ತದೆ, ದುಡ್ಡು ಬರುವುದಿಲ್ಲ. ಡಬ್ಬಿಯೂ ವಾಪಸ್ಸಿಲ್ಲ.

ಅರಸೀಕೆರೆಯಲ್ಲಿ ಅಮ್ಮ ಹಪ್ಪಳ ಮಾರುತ್ತಿದ್ದಳು. ಲೆಕ್ಕ ಬರೆಯುತ್ತಿದ್ದದ್ದು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಗಳ ಹಿಂದೆ, ಕೊಡಬೇಕಾದವರ ಹೆಸರು ಮಾತ್ರ. ಕೆಲವು ಹೆಸರು ಡಿಸೆಂಬರಿನಿಂದ ಹೊಸ ಜನವರಿಗೆ ದಾಟಿಕೊಂಡು ಬರುತ್ತಿದ್ದವು. ಅವರ ಮನೆ ಮುಂದೆ ಹಾಯುವಾಗ ಅಮ್ಮನೇ ತಲೆ ತಗ್ಗಿಸಿಕೊಂಡು ಬೇಗ ನಡೆಯುತ್ತಿದ್ದಳು. ನನ್ನ ಕಾಲೇಜಿನ ಫೀಸು ಆ ಹಪ್ಪಳದ್ದು. ಅವಳದು ಉಪಕಸುಬು ಎಂದು ನಮ್ಮ ಮನೆಯಲ್ಲಿ ಯಾರೂ ಅಂದವರಿಲ್ಲ.

ಅಂದು ಫೋನಿನಲ್ಲಿ ಕತೆ ಹೇಳಿದೆ. ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ, “ದುಡ್ಡು ಕೊಟ್ನಾ?” ಎಂದಳು.

“ಕೊಟ್ಟನಮ್ಮ. ಕೇಳದೇನೇ.”

ಸ್ವಲ್ಪ ಹೊತ್ತು ಮಾತಿಲ್ಲ.

“ಸರಿ, ಮೀಟರ್ ಒರೆಸಿದ್ಯೇನೋ? ಒಣಗಿದ್ರೆ ಬಿಡಲ್ಲ ಅದು.”