ಹಿರಿಯರಿಗೂ ಒಂದು ಕೆಲಸ ಕೊಡಿ

ಅಕ್ಕಾ, ದಾಸವಾಳ ಕೊಯ್ದಿದ್ದು ಸಾಕು, ಸ್ವಲ್ಪ ಬೇಲಿ ಹತ್ರ ಬನ್ನಿ. ನಿನ್ನೆ ರಾತ್ರಿ ನಿಮ್ಮನೆ ಮಾತು ಇಲ್ಲಿಗೂ ಕೇಳಿಸ್ತು. ಮಗಳು ಮಂತ್ರ ಮಾಂಗಲ್ಯವೇ ಆಗಬೇಕು ಅಂತಾಳೆ, ಭಾವನವರು ಅದೂ ಒಂದು ಮದುವೆಯಾ ಅಂತಾರೆ, ಅಲ್ವಾ? ಹೋದ ವರ್ಷ ನಮ್ಮಣ್ಣನ ಮಗಳದ್ದು ಹಾಗೇ ಆಯ್ತು. ಓಡಾಡಿದವಳು ನಾನೇ, ಅದಕ್ಕೇ ಹೇಳ್ತೀನಿ.

ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿ ಅಂದ್ಕೋಬೇಡಿ. ಕುವೆಂಪು ಬರೆದುಕೊಟ್ಟ ದಾರಿ ಇದು. 1966ರಲ್ಲಿ ಅವರ ಮಗ ತೇಜಸ್ವಿ ರಾಜೇಶ್ವರಿಯವರನ್ನ ಮದುವೆಯಾಗಿದ್ದು ಹೀಗೇ. ಆಮೇಲೆ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ಸರಳ ಮದುವೆಯನ್ನ ಹಳ್ಳಿಗಳಿಗೂ ಒಯ್ತು. ಕುವೆಂಪು ಅವರ ಊರು ಕುಪ್ಪಳಿಯಲ್ಲಿ ಇಂಥ ಮದುವೆ ಇವತ್ತಿಗೂ ನಡೀತಾವೆ. ಜಾತಕ ಇಲ್ಲ, ವರದಕ್ಷಿಣೆ ಇಲ್ಲ. ಗಂಡು ಹೆಣ್ಣು ಸಮಸಮ ನಿಂತು, ತಮಗೆ ಅರ್ಥವಾಗೋ ಮಾತಲ್ಲಿ ಪ್ರಮಾಣ ಮಾಡ್ತಾರೆ. ಇದಕ್ಕಿಂತ ಚೆನ್ನಾದ ಮದುವೆ ನಾನು ಕಂಡಿಲ್ಲ.

ಆದ್ರೆ ಇದಕ್ಕೂ ತಯಾರಿ ಬೇಕು. ಪುರೋಹಿತರಿದ್ರೆ ಅಪ್ಪ ಅಮ್ಮ ಎಲ್ಲಿ ಕೂರಬೇಕು, ಸೋದರಮಾವ ಯಾವಾಗ ಬರಬೇಕು ಎಲ್ಲ ಅವರೇ ಹೇಳ್ತಾರೆ. ಅವರಿಲ್ಲ ಅಂದ್ಮೇಲೆ ನಾವೇ ಯೋಚಿಸಬೇಕು. ನಮ್ಮ ಹುಡುಗಿ ಮೊದಲು ಮಾಡಿದ ಪಟ್ಟಿಯಲ್ಲಿ ಓದೋರು, ಹಾಡೋರು ಎಲ್ಲ ಅವಳ ಸ್ನೇಹಿತರೇ. ನಮ್ಮತ್ತಿಗೆ ಅದನ್ನ ನೋಡಿ, 'ಹಾಗಾದ್ರೆ ನಾನು ನೆಂಟರ ಥರ ಕುರ್ಚಿ ಮೇಲೆ ಕೂತು ಊಟ ಮಾಡ್ಕೊಂಡು ಬರ್ಲಾ?' ಅಂತ ಅತ್ತುಬಿಟ್ರು. ಅವರು ಅತ್ತಿದ್ದು ಶಾಸ್ತ್ರಕ್ಕಲ್ಲ ಅಕ್ಕಾ, ಮಗಳ ಮದುವೆಯಲ್ಲಿ ತನ್ನ ಕೈಗೆ ಕೆಲಸವಿಲ್ವಲ್ಲ ಅಂತ.

ಆಮೇಲೆ ಎರಡು ಭಾನುವಾರ ಎಲ್ಲರೂ ಜಗಲಿ ಮೇಲೆ ಕೂತು ಮತ್ತೆ ಹಂಚಿಕೊಂಡ್ವಿ. ಹುಡುಗಿಯನ್ನ ಕೈ ಹಿಡಿದು ಕರೆತರೋದು ಸೋದರಮಾವಂಗೇ ಇರಲಿ ಅಂತಾಯ್ತು. ಹಾರ ಕಟ್ಟಿದ್ದು ಅತ್ತಿಗೆ ಮತ್ತೆ ಬೀಗಿತ್ತಿ, ನಮ್ಮ ಹಿತ್ತಲ ಮಲ್ಲಿಗೆಯಲ್ಲೇ. ಹುಡುಗನ ಅಜ್ಜಿ ಎರಡು ಸೋಬಾನೆ ಹಾಡಿದ್ರು. ಎಂಬತ್ತು ದಾಟಿದ ಧ್ವನಿ, ನಡುಗ್ತಿತ್ತು, ಸಭೆಯಲ್ಲಿ ಒಬ್ಬರೂ ಮಿಸುಕಾಡಲಿಲ್ಲ. ಪ್ರಮಾಣ ಓದಿಸೋಕೆ ಹುಡುಗನ ಸ್ನೇಹಿತ, ಮೇಷ್ಟ್ರು, ಒಳ್ಳೇ ಕಂಠ. ತಾಳಿ ಬೇಕೋ ಬೇಡವೋ ಅನ್ನೋದನ್ನ ಹುಡುಗಿಗೇ ಬಿಟ್ವಿ.

ಒಂದು ಮರೀಬೇಡಿ. ಮದುವೆಯಲ್ಲಿ ಓದೋ ಪ್ರಮಾಣವನ್ನ ತಿಂಗಳ ಮುಂಚೆಯೇ ಎರಡೂ ಮನೆಯ ಹಿರಿಯರ ಕೈಗೆ ಕೊಡಿ. ಜಾತಿ, ಮೂಢನಂಬಿಕೆ ಬಗ್ಗೆ ಅದರಲ್ಲಿ ನೇರವಾದ ಮಾತಿದೆ. ಎಲ್ಲರೆದುರು ಮೊದಲ ಸಲ ಕಿವಿಗೆ ಬಿದ್ರೆ ನೊಂದ್ಕೋತಾರೆ, ಮೊದಲೇ ಓದಿದ್ರೆ ಕೇಳ್ತಾರೆ, ವಾದ ಮಾಡ್ತಾರೆ, ಒಪ್ಕೋತಾರೆ.

ಇನ್ನು ಕಾನೂನು. 1955ರ ಹಿಂದೂ ವಿವಾಹ ಕಾಯ್ದೆ ಶಾಸ್ತ್ರ ಸಂಪ್ರದಾಯದ ವಿಧಿ ಕೇಳುತ್ತೆ. ವಿಧಿ ನಡೀದೆ ಬರೀ ನೋಂದಣಿ ಮಾಡಿಸಿದ್ರೆ ಆ ಕಾಯ್ದೆಯಡಿ ಮದುವೆಯಾಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ತಮಿಳುನಾಡಿನವರು 1967ರಲ್ಲೇ ತಿದ್ದುಪಡಿ ತಂದು, ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಕೊಂಡ್ರು. ನಮ್ಮಲ್ಲಿ ಹಾಗಿಲ್ಲ, ಇರಬೇಕಿತ್ತು. ಅದಕ್ಕೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಸೋದು ಭದ್ರ. ನೋಟಿಸ್ ಕೊಟ್ಟು 30 ದಿನ ಕಾಯಬೇಕು, 3 ಜನ ಸಾಕ್ಷಿ ಬೇಕು. ಹುಡುಗ ಹುಡುಗಿಯಲ್ಲಿ ಒಬ್ಬರಾದ್ರೂ ನೋಟಿಸ್ ಕೊಡೋ ಜಿಲ್ಲೆಯಲ್ಲಿ ಅದಕ್ಕೆ ಮುಂಚೆ 30 ದಿನ ವಾಸ ಇದ್ದಿರಬೇಕು. ದಿನ ಗೊತ್ತು ಮಾಡೋ ಮುಂಚೆ ಇದನ್ನ ಲೆಕ್ಕ ಹಾಕಿ.

ಮತ್ತೆ ಅಕ್ಕಾ, ಭಾವನವರಿಗೂ ಒಂದು ಜಾಗ ಮಾಡಿ. ಬಂದೋರನ್ನ ಎದುರುಗೊಂಡು, ಈ ಮದುವೆ ಯಾಕೆ ಹೀಗೆ ಅಂತ ಮೊದಲ ನಾಲ್ಕು ಮಾತು ಅವರೇ ಆಡಲಿ. ಇವತ್ತು ಸಂಜೆ ಮಗಳೇ ಹೋಗಿ ಕೇಳಲಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಸೋಮವಾರ ಹೋಗೋಣ, ನಾನೂ ಬರ್ತೀನಿ.